ರೈಟ್ ಹೇಳುವವರಿಲ್ಲದ ಬಸ್ಸು

ಕಂಡಕ್ಟರಮ್ಮನ ಗಂಟಲಿನ ವಿಷಯ ಮೊದಲೇ ಹೇಳಿಬಿಡಬೇಕು, ಮಿಕ್ಕಿದ್ದೆಲ್ಲ ಆಮೇಲೆ. ಬಾಗಿಲಲ್ಲಿ ನಿಂತು ಆಕೆ "ಒಳಗೆ ಹೋಗಿ, ಒಳಗೆ ಹೋಗಿ, ಮಧ್ಯ ಏನು ಬೇಲಿ ಹಾಕಿದ್ಯಾ?" ಎಂದು ಕೂಗಿದರೆ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದವನೂ ಗಡಬಡಿಸಿ ಎದ್ದು ಎರಡು ಹೆಜ್ಜೆ ಸರಿಯುತ್ತಿದ್ದ. ಸೀಟಿ ಊದುವ ಅಭ್ಯಾಸ ಆಕೆಗಿರಲಿಲ್ಲ. ಬಸ್ಸಿನ ಪಕ್ಕೆಗೆ ಅಂಗೈಯಿಂದ ದಬ್ ದಬ್ ಎಂದು ಎರಡು ಏಟು, ಮೇಲೊಂದು "ರೈಟ್!" ಅಷ್ಟಾದರೆ ಗಾಡಿ ಹೊರಡಬೇಕು.

ಕೆಲಸಕ್ಕೆ ಸೇರಿಸಿಕೊಂಡಾಗ ಆಕೆಯನ್ನು ಡ್ರೈವರ್ ಕಮ್ ಕಂಡಕ್ಟರ್ ಎಂದೇ ಸೇರಿಸಿಕೊಂಡಿದ್ದರು. ದೊಡ್ಡ ಗಾಡಿಯ ಲೈಸೆನ್ಸು ಇತ್ತು, ಪರೀಕ್ಷೆಯಲ್ಲಿ ಒಂದು ಕಂಬಕ್ಕೂ ಗಾಡಿ ತಾಗಿಸಿರಲಿಲ್ಲ. ಆದರೂ ಸ್ಟೇರಿಂಗ್ ಕೊಡಿ ಎಂದು ಕೇಳಿದಾಗಲೆಲ್ಲ ಡಿಪೋದವರದು "ನೋಡೋಣಮ್ಮ" ಎಂಬ ಅಡ್ಡಗೋಡೆ ಮೇಲಿನ ದೀಪ. ವರ್ಷಗಟ್ಟಲೆ ಹೆಗಲಿಗೆ ಬಿದ್ದದ್ದು ಟಿಕೆಟ್ ಚೀಲವೇ. ಡ್ರೈವರನ ಬೆನ್ನು ನೋಡುತ್ತಲೇ ಅರ್ಧ ಆಯಸ್ಸು ಕಳೆಯಿತು.

ಅಷ್ಟರಲ್ಲಿ ಗಂಡನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿತು. ಆತ ಲಿಫ್ಟ್ ಮೆಕ್ಯಾನಿಕ್ಕು. ಕೈಯಲ್ಲಿ ಕಸುಬು, ಬಾಯಲ್ಲಿ ಮಾತಿಲ್ಲ. ಮನೆಗೆ ಬೆಂಕಿ ಬಿದ್ದರೂ ಮೆಲ್ಲಗೆ "ಸ್ವಲ್ಪ ಹೊಗೆ ಕಾಣ್ತಿದೆ" ಎನ್ನುವ ಜಾತಿ. ಕಸುಬುದಾರನೆಂದು ಆತನಿಗೆ ತಾತ್ಕಾಲಿಕ ವೀಸಾ ಕೊಟ್ಟರು. ಹೆಂಡತಿ ಟಿಕೆಟ್ ಚೀಲ ಒಪ್ಪಿಸಿ ರಾಜೀನಾಮೆ ಬರೆದುಕೊಟ್ಟು ಜೊತೆಗೆ ಹೊರಟಳು. ಗಂಡನ ಕಾರ್ಡಿನಲ್ಲಿ ಆತನ ಕಸುಬು ನಮೂದಾಗಿತ್ತು. ಇವಳ ಕಾರ್ಡಿನಲ್ಲಿದ್ದದ್ದು ಇಷ್ಟೇ: ಸಂಗಾತಿ, ಕೆಲಸ ಮಾಡುವಂತಿಲ್ಲ.

ಅಲ್ಲ, ಗಂಡನಿಗೆ ಕಸುಬು ಇದ್ದ ಮಾತ್ರಕ್ಕೆ ಹೆಂಡತಿಯ ಕೈ ಬಿದ್ದುಹೋಗುತ್ತದೆಯೇ? ಅದ್ಯಾವ ಪುಣ್ಯಾತ್ಮ ಬರೆದ ಕಾನೂನೋ! ಫೋನಿನಲ್ಲಿ ನಾದಿನಿ ಬೇರೆ, "ನಿಂಗೇನು ಅತ್ತಿಗೆ, ಕೂತು ಉಣ್ಣೋ ಯೋಗ" ಎಂದು ಹೊಟ್ಟೆ ಉರಿಸುತ್ತಿದ್ದಳು. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ. ಕಂಡಕ್ಟರಮ್ಮನಿಗೆ ಹೊನ್ನಿನ ಚಿಂತೆಯಲ್ಲ, ಕೂರುವುದೇ ಶಿಕ್ಷೆ. ಮೂರನೇ ಮಹಡಿಯಲ್ಲಿ ಎರಡು ಕೋಣೆ; ಗುಡಿಸಿ, ಒರೆಸಿ, ಒಗೆದದ್ದನ್ನು ಕಿಟಕಿಯ ಸರಳಿಗೆ ಹರವಿದರೂ ಗಡಿಯಾರದ ಮುಳ್ಳು ಮಾತ್ರ ಅಲ್ಲೇ ಇರುತ್ತಿತ್ತು. ಒಂದು ದಿನ "ರೀ, ಊಟಕ್ಕೆ ಬನ್ರೀ" ಎಂದು ಕರೆದದ್ದಕ್ಕೆ ಕೆಳಗಿನ ಮನೆಯವರು ಬಂದು ಜಗಳ ನಿಲ್ಲಿಸಿ ಎಂದು ಕೇಳಿಕೊಂಡರು. ಜಗಳ ಎಲ್ಲಿತ್ತು? ಅದು ಪ್ರೀತಿಯ ಕರೆ! ಅವತ್ತಿನಿಂದ ಆಕೆ ಗಂಟಲು ತಗ್ಗಿಸಿಕೊಂಡಳು.

ಅಡುಗೆಮನೆ ಕಿಟಕಿಯ ಕೆಳಗೇ ಬಸ್ ಸ್ಟಾಪು. ಎಷ್ಟು ದಿನ ಅಂತ ಮೇಲಿನಿಂದ ನೋಡುವುದು? ಆಕೆ ಒಂದು ಪಾಸು ಮಾಡಿಸಿಕೊಂಡಳು. ಗಂಡ ಕೆಲಸಕ್ಕೆ ಹೋದ ಮೇಲೆ ಬಸ್ಸು ಹತ್ತಿ, ಕೊನೆಯ ಸ್ಟಾಪಿನವರೆಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದಳು. ಅಲ್ಲಿನ ಬಸ್ಸುಗಳಲ್ಲಿ ಕಂಡಕ್ಟರ್ ಇಲ್ಲ. ಬಾಗಿಲು ತಾನೇ ತೆರೆಯುತ್ತದೆ, ತಾನೇ ಮುಚ್ಚುತ್ತದೆ, ಟಿಕೆಟ್ಟನ್ನು ಒಂದು ಡಬ್ಬಿ ಕೀಂ ಎಂದು ನೋಡಿಕೊಳ್ಳುತ್ತದೆ. ಹತ್ತುವವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ಹುಟ್ಟುಗುಣ ಸುಟ್ಟರೂ ಹೋಗದಂತೆ. ಮೊದಮೊದಲು ಸುಮ್ಮನಿದ್ದ ಕಂಡಕ್ಟರಮ್ಮ ಆಮೇಲೆ ಬಸುರಿಯರಿಗೆ ಸೀಟು ಬಿಡಿಸಿಕೊಟ್ಟಳು, ಬಾಗಿಲ ಬಳಿಯೇ ಗುಂಪುಗೂಡಿ ನಿಂತವರನ್ನು ಒಳಗೆ ಅಟ್ಟಿದಳು, ಓಡಿ ಬರುವವರಿಗಾಗಿ ಬಾಗಿಲಿಗೆ ಕಾಲು ಅಡ್ಡ ಇಟ್ಟಳು. ಗದರಿದರೂ ಜನ ನಗುತ್ತಾ ಮಾತು ಕೇಳುತ್ತಿದ್ದರು.

ಹಾಗಿರುವಾಗ ಒಂದು ಬೆಳಿಗ್ಗೆ ಊರುಗೋಲಿನ ಅಜ್ಜಿಯೊಬ್ಬರು ಹತ್ತಲಾರದೆ ಒದ್ದಾಡುತ್ತಿದ್ದರು. ಕಂಡಕ್ಟರಮ್ಮ ಕೆಳಗಿಳಿದು ಅಜ್ಜಿಯ ಸೊಂಟಕ್ಕೆ ಕೈಕೊಟ್ಟು ಹತ್ತಿಸಿದಳು, ಕೋಲನ್ನೂ ಚೀಲವನ್ನೂ ಎತ್ತಿ ಕೊಟ್ಟಳು. ಎಲ್ಲ ಆಯಿತಲ್ಲ ಎಂಬ ಸಮಾಧಾನದಲ್ಲಿ, ನೋಡಿ ಅಭ್ಯಾಸಬಲ, ಬಸ್ಸಿನ ಪಕ್ಕೆಗೆ ದಬ್ ದಬ್ ಎಂದು ಬಾರಿಸಿ "ರೈಟ್!" ಎಂದುಬಿಟ್ಟಳು. ಬಸ್ಸು ಹೊರಟೇಬಿಟ್ಟಿತು. ಆಕೆಯ ಕೈಚೀಲ, ಮನೆಯ ಕೀಲಿಕೈ, ಫೋನು ಎಲ್ಲ ಬಸ್ಸಿನಲ್ಲಿ; ಆಕೆ ಮಾತ್ರ ಫುಟ್‌ಪಾತಿನಲ್ಲಿ.

"ಹೋಲ್ಡಾನ್! ಏಯ್, ಹೋಲ್ಡಾನ್!" ಎಂದು ಕೂಗುತ್ತಾ ಓಡಿದ ಆ ಧ್ವನಿಗೆ ಎದುರುಗಡೆಯ ಕಾರೂ ನಿಂತಿತಂತೆ. ಮುಂದಿನ ಸ್ಟಾಪಿನಲ್ಲಿ ಡ್ರೈವರು ಕೆಳಗಿಳಿದು ಕಾದಿದ್ದ. ಪೊದೆ ಮೀಸೆಯ ಆಳು, ಆತನೂ ಬೇರೆ ದೇಶದಿಂದ ಬಂದವನೇ.

"ತಪ್ಪಾಯ್ತಮ್ಮ. ನಮ್ಮ ಕಡೇನೂ ಕಂಡಕ್ಟರು ಹಿಂಗೇ ತಟ್ಟೋರು. ಎರಡು ಏಟು ಬಿದ್ದಿದ್ದೇ ಕಾಲು ತಾನಾಗೇ ಒತ್ಬಿಡ್ತು."

"ನಿಮ್ದೇನು ತಪ್ಪು? ರೈಟ್ ಅಂದೋಳು ನಾನು. ಯಾವ ಕಂಡಕ್ಟರಾದ್ರೂ ತಾನು ಹತ್ತೋಕೆ ಮುಂಚೆ ರೈಟ್ ಅಂತಾಳಾ? ಮರ್ಯಾದೆ ಹೋಯ್ತು ನಂದು!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜಿ ಕಿಟಕಿಯಿಂದ ಕೈಚೀಲ ಕೊಟ್ಟರು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಅದೇ ವಾರ ಸಮವಸ್ತ್ರದ ತಪಾಸಣಾಧಿಕಾರಿಯೊಬ್ಬ ಬಸ್ಸಿನಲ್ಲಿ ಆಕೆಯ ಪಕ್ಕ ಬಂದು ನಿಂತ. "ದಿನಾ ಕ್ಯಾಮೆರಾದಲ್ಲಿ ನಿಮ್ಮನ್ನ ನೋಡ್ತಿದ್ದೀವಿ. ನೀವು ಇಲ್ಲಿ ಕೆಲಸ ಮಾಡ್ತೀರಾ?"

"ಇಲ್ಲಪ್ಪ, ನಾನು ಬರೀ ಪ್ಯಾಸೆಂಜರು" ಎಂದವಳೇ ಮುಂದಿನ ಸ್ಟಾಪಿನಲ್ಲಿ ಇಳಿದು, ಮನೆಯವರೆಗೆ ನಡೆದೇ ಬಂದಳು. ಕೆಲಸ ಮಾಡುವಂತಿಲ್ಲ ಎಂದಿರುವ ಕಾರ್ಡಿನವಳು ಕೆಲಸ ಮಾಡಿದಳೆಂದು ಯಾರಾದರೂ ಬರೆದು ಹಾಕಿದರೆ ಗಂಡನ ವೀಸಾಗೇ ಕುತ್ತು.

"ಸಹಾಯ ಮಾಡಿದ್ದು ಅಂತ ನಂಗೊತ್ತು," ಎಂದ ಗಂಡ, ಅನ್ನದ ತಟ್ಟೆಯಿಂದ ಕೈ ತೆಗೆಯುತ್ತಾ. "ಅವರಿಗೆ ಗೊತ್ತಾಗಬೇಕಲ್ಲ."

ಆಕೆ ಬಸ್ಸು ಹತ್ತುವುದನ್ನೇ ಬಿಟ್ಟಳು. ಅದರ ಜೊತೆಗೆ ಮಾತೂ ಹೋಯಿತು. ಕಿಟಕಿಯ ಪರದೆ ಎಳೆದುಬಿಟ್ಟಳು. ಗಂಡ ಬೂಟು ಬಿಚ್ಚದೆ ಒಳಗೆ ಬಂದರೂ ಬೈಯಲಿಲ್ಲ; ಬೇಕೆಂದೇ ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದು ನೋಡಿದ, ತೆಗೆದು ಒಣಹಾಕಿದಳು, ತುಟಿ ಪಿಟಕ್ಕೆನ್ನಲಿಲ್ಲ. ಆತನಿಗೆ ನಿಜಕ್ಕೂ ಭಯವಾಯಿತು.

"ಏನಾದ್ರೂ ಬೈಯೇ," ಎಂದು ಅಂಗಲಾಚಿದ.

"ಏನಂತ ಬೈಲಿ? ನಂಗೆ ಬೇಜಾರಾಗಿದೆ ರೀ. ಊರಲ್ಲಿ ಸಾವಿರ ಜನ ನನ್ನ ಮಾತು ಕೇಳೋರು. ಇಲ್ಲಿ ನಾನು ಇದ್ದೀನಾ ಅಂತ ನಂಗೇ ಅನುಮಾನ ಬರುತ್ತೆ," ಎಂದು ಹೇಳಿ ಅತ್ತುಬಿಟ್ಟಳು.

ತಿಂಗಳೊಪ್ಪತ್ತಿನಲ್ಲಿ ಮೀಸೆ ಡ್ರೈವರು ತರಕಾರಿ ಅಂಗಡಿಯ ಮುಂದೆ ಆಕೆಯನ್ನು ಹಿಡಿದ. ಡಿಪೋ ಮೇಡಂ ಕರೆಯುತ್ತಿದ್ದಾರೆ ಎಂದ. ಕಂಡಕ್ಟರಮ್ಮ ಗಂಡನನ್ನೂ ಕರೆದುಕೊಂಡು, ತಪ್ಪೊಪ್ಪಿಕೊಳ್ಳುವ ಮುಖ ಮಾಡಿಕೊಂಡು ಹೋದಳು. ಡೀಸೆಲ್ಲಿನ ವಾಸನೆ ಮೂಗಿಗೆ ಬಿದ್ದಾಗ ಮಾತ್ರ ತವರಿಗೆ ಬಂದಂತಾಯಿತು. ಡಿಪೋ ಮೇಡಂ ಕುಳ್ಳಗಿನ ಹೆಂಗಸು, ಮೇಜಿನ ಮೇಲೆ ಗಾಜಿನ ಲೋಟದಲ್ಲಿ ತಣ್ಣಗಾದ ಚಹಾ.

"ಎಲ್ಲಿ ಹೋಗ್ಬಿಟ್ರಿ ನೀವು? ಆ ಜೋರು ಬಾಯಿನ ಅಮ್ಮ ಎಲ್ಲಿ ಅಂತ ಪ್ಯಾಸೆಂಜರೆಲ್ಲ ಕೇಳ್ತಿದ್ದಾರೆ. ಕರ್ಕೊಂಡು ಬಾ ಅಂತ ಅವತ್ತು ಆ ತಪಾಸಣೆಯವನನ್ನ ಕಳಿಸಿದ್ರೆ ಹೆದರಿಸಿ ಓಡಿಸಿದ್ದಾನೆ, ದಡ್ಡ!" ಎಂದು ಮೇಡಂ ಶುರುಮಾಡಿದರು. "ನಂಗೆ ಡ್ರೈವರುಗಳೇ ಸಿಗ್ತಿಲ್ಲ. ದೊಡ್ಡ ಗಾಡಿ ಓಡಿಸೋಕೆ ಬರುತ್ತಾ?"

ಇಷ್ಟು ವರ್ಷ ಯಾರ ಬಾಯಿಂದಲಾದರೂ ಕೇಳಬೇಕೆಂದು ಕಾದಿದ್ದ ಪ್ರಶ್ನೆ, ಬಂದದ್ದು ಎಂಥಾ ಹೊತ್ತಿನಲ್ಲಿ! ಆಕೆ ಲೈಸೆನ್ಸನ್ನೂ ಕಾರ್ಡನ್ನೂ ಒಟ್ಟಿಗೇ ಮೇಜಿನ ಮೇಲಿಟ್ಟಳು. ಮೊದಲನೆಯದನ್ನು ನೋಡಿ ಅರಳಿದ ಮೇಡಂ ಮುಖ ಎರಡನೆಯದನ್ನು ನೋಡಿ ಬಾಡಿತು.

"ಛೇ! ಕಾನೂನು ಬದಲಾಗುತ್ತೆ ಅಂತಾರೆ. ಬದಲಾದ ದಿನ ಸೀದಾ ಇಲ್ಲಿಗೆ ಬನ್ನಿ. ನಾನು ಮರೆಯೋಳಲ್ಲ."

ಕಾನೂನು ಬದಲಾಗುವುದು ಎಂದರೆ ಕೋಣ ಈಯುವುದು ಎಂದು ಕಂಡಕ್ಟರಮ್ಮ ಮನಸ್ಸಿನಲ್ಲೇ ಅಂದುಕೊಂಡಳು. ಆದರೆ ಬದಲಾಯಿತು! ಕಸುಬುದಾರರ ಗಂಡ ಅಥವಾ ಹೆಂಡತಿ ಇನ್ನು ಮುಂದೆ ದುಡಿಯಬಹುದು, ಅಪ್ಪಣೆ ಕೇಳಿ ಎಂದು ಸರಕಾರ ಹೇಳಿತು. ಜೊತೆಗೊಂದು ಕೊಕ್ಕೆ ಇಲ್ಲದಿದ್ದರೆ ಅದು ಸರಕಾರವೇ? ಕಸುಬುದಾರ ಈಗಿರುವ ಕಂಪನಿಯಲ್ಲೇ ಇರಬೇಕು. ಕಂಪನಿ ಬಿಟ್ಟರೆ ಸಂಗಾತಿಯ ಅಪ್ಪಣೆಯೂ ಹೋಯಿತು.

ಗಂಡನೇ ಈ ಸುದ್ದಿ ತಂದ. ತಂದವನು ಇನ್ನೊಂದು ಮಾತನ್ನು ನುಂಗಿಕೊಂಡಿದ್ದಾನೆ ಎಂದು ಆಕೆಗೆ ಆತನ ಮೊಣಕಾಲು ನೋಡಿಯೇ ಗೊತ್ತಾಯಿತು. ಹಳೆ ಲಿಫ್ಟುಗಳ ರಿಪೇರಿಯಲ್ಲಿ ಆತನ ಮಂಡಿ ಸವೆದಿತ್ತು. ಕೆಟ್ಟ ಲಿಫ್ಟಿನ ಮೇಲಕ್ಕೆ ಮೆಟ್ಟಿಲು ಹತ್ತದೆ ಇನ್ನು ಹೇಗೆ ಹೋಗುವುದು? ಮೇಲ್ವಿಚಾರಕನೋ, ಕೂತರೂ ತಪ್ಪು ನಿಂತರೂ ತಪ್ಪು ಎನ್ನುವ ಪ್ರಾಣಿ. ಹೊಸ ಕಟ್ಟಡಗಳ ಕಂಪನಿಯೊಂದು ಆತನನ್ನು ಕರೆದಿತ್ತು. ಹತ್ತುವುದು ಇಳಿಯುವುದು ಕಡಿಮೆ, ಬೈಯುವವರೂ ಇಲ್ಲ. ಮುಂದಿನ ವಾರ ಹೋಗಿ ಒಪ್ಪಿಗೆ ಹೇಳುವುದಿತ್ತು.

"ಆ ಕಂಪನಿಗೆ ಏನಂದ್ರಿ?"

"ಬರಲ್ಲ ಅಂದೆ."

"ತಲೆ ನೆಟ್ಟಗಿದ್ಯಾ ನಿಮ್ದು? ಮಂಡಿ ಹಿಡ್ಕೊಂಡು ಬಾತ್‌ರೂಮಿಗೆ ಹೋಗ್ತೀರಿ! ನಾಳೆನೇ ಹೋಗಿ ಬರ್ತೀನಿ ಅನ್ನಿ. ನಂದೇನು, ಇಷ್ಟು ದಿನ ಕಾದಿದ್ದೀನಿ, ಇನ್ನಷ್ಟು ಕಾದ್ರೆ ಸವೆದು ಹೋಗಲ್ಲ."

ಕೆಳಗಿನ ಮನೆಯವರು ಮೇಲ್ಛಾವಣಿಗೆ ಕೋಲಿನಿಂದ ಕುಟ್ಟಿದರು. ಗಂಡನ ಮುಖದಲ್ಲಿ ನಗು ಮೂಡಿತು. ಎಷ್ಟು ದಿನವಾಗಿತ್ತು ಆಕೆ ಬೈದದ್ದು ಕೇಳಿ!

"ಲಿಫ್ಟಿನ ಹಗ್ಗದ ಇನ್ನೊಂದು ತುದೀಲಿ ಒಂದು ಕಬ್ಬಿಣದ ತೂಕ ಇರುತ್ತೆ ಕಣೆ," ಎಂದ ಆತ. "ಅದು ಕೆಳಗೆ ಬಂದ್ರೇನೇ ಲಿಫ್ಟು ಮೇಲೆ ಹೋಗೋದು. ಇಷ್ಟು ವರ್ಷ ನೀನು ಕೆಳಗಿದ್ದೆ, ನಾನು ಮೇಲೆ ಹೋದೆ. ಈಗ ನನ್ನ ಸರದಿ. ಶಾಶ್ವತ ಅಲ್ಲವಲ್ಲ, ಆಮೇಲೆ ನೋಡೋಣ."

ಮದುವೆಯಾದಂದಿನಿಂದ ಆತ ಒಂದೇ ಉಸಿರಿನಲ್ಲಿ ಇಷ್ಟು ಮಾತಾಡಿದ್ದು ಅದೇ ಮೊದಲು.

"ಸಾಕು ನಿಮ್ಮ ಲಿಫ್ಟ್ ಪುರಾಣ," ಎಂದಳು, ಎಣ್ಣೆ ಬಿಸಿಮಾಡಿ ತಂದು ಆತನ ಮಂಡಿಗೆ ತಾನೇ ತಿಕ್ಕುತ್ತಾ.

ಅಪ್ಪಣೆ ಬರುವವರೆಗೆ ಆಕೆ ದಿನಕ್ಕೆ ನಾಲ್ಕು ಸಲ ಅಂಚೆಡಬ್ಬಿ ಇಣುಕಿದಳು. ಬಂತು. ತರಬೇತಿ ಕೊಟ್ಟರು, ಅಲ್ಲಿನ ರಸ್ತೆಯ ನಿಯಮ ಕಲಿಸಿದರು, ಪರೀಕ್ಷೆ ಮಾಡಿದರು. ಒಂದು ಸಲ ಫೇಲಾದಳು, ಕಾರಣ ಹಾರ್ನ್ ಬಹಳ ಹೊಡೆದದ್ದು. ಎರಡನೇ ಸಲ ಪಾಸಾದಳು. ಡಿಪೋ ಮೇಡಂ ಬೇರೆ ಯಾವ ದಾರಿಯನ್ನೂ ಕೊಡದೆ ಮನೆಯ ಮುಂದಿನ ಆ ಬಸ್ಸನ್ನೇ ಕೊಟ್ಟರು.

ಮೊದಲ ದಿನ ಬೆಳಿಗ್ಗೆ ಮನೆಯ ಕೆಳಗಿನ ಸ್ಟಾಪಿನಲ್ಲಿ ಬಸ್ಸು ನಿಂತಿತು. ಜನ ಹತ್ತಿದರು. ಆಕೆ ಎಡಗನ್ನಡಿ ನೋಡಿದಳು, ಬಲಗನ್ನಡಿ ನೋಡಿದಳು, ಬಾಗಿಲು ಮುಚ್ಚಿದಳು. ಕಾಲು ಏಳಲಿಲ್ಲ. ಡಿಪೋದಿಂದ ಇಲ್ಲಿಯವರೆಗೆ ಖಾಲಿ ಗಾಡಿ, ಹೇಗೋ ಬಂದಿತ್ತು. ಈಗ ಬೆನ್ನ ಹಿಂದೆ ಇಷ್ಟು ಜೀವಗಳು, ಎಲ್ಲರೂ ಹತ್ತಿದರು ಎಂದು ಹೇಳುವವರು ಯಾರು? ಅಭ್ಯಾಸದ ಕಿವಿ ಆ ಎರಡು ಏಟಿಗೆ ಕಾಯುತ್ತಿತ್ತು. ಹಿಂದೆ ಯಾರೋ ಕೆಮ್ಮಿದರು.

ದಬ್ ದಬ್!

"ರೈಟ್! ರೈಟ್!"

ಎಡಗನ್ನಡಿಯಲ್ಲಿ ನೋಡಿದಳು. ಫುಟ್‌ಪಾತಿನ ಮೇಲೆ, ಹೆಗಲಿಗೆ ಸಾಮಾನಿನ ಚೀಲ ಹಾಕಿಕೊಂಡು, ಬಸ್ಸಿನ ಪಕ್ಕೆಗೆ ಅಂಗೈ ಊರಿ ನಿಂತಿದ್ದ ಆಕೆಯ ಗಂಡ. ಬೆಂಕಿ ಬಿದ್ದರೂ ಕೂಗದ ಗಂಡಸು ಕುತ್ತಿಗೆಯ ನರ ಉಬ್ಬಿಸಿ ಇಡೀ ಬೀದಿಗೆ ಕೇಳುವಂತೆ ಕೂಗಿದ್ದ. ಆಕೆಯ ಕಣ್ಣು ತುಂಬಿತು. ಕಾಲು ತಾನಾಗಿ ಒತ್ತಿತು, ಬಸ್ಸು ಹೊರಟಿತು.

ಹತ್ತು ಮಾರು ಹೋಗಿರಲಿಕ್ಕಿಲ್ಲ, ಅದೇ ಕನ್ನಡಿಯಲ್ಲಿ ಆತ ಕುಂಟುತ್ತಾ ಓಡಿ ಬರುವುದು ಕಂಡಿತು. "ಹೋಲ್ಡಾನ್! ಏಯ್, ನಾನೂ ಬರಬೇಕು ಕಣೇ, ಕೆಲಸಕ್ಕೆ ಹೊತ್ತಾಯ್ತು!"

ಎದುರಿನ ಕೆಂಪು ದೀಪಕ್ಕೆ ಬಸ್ಸು ನಿಂತಿತು. ಹಾಗೆ ಸ್ಟಾಪಿಲ್ಲದ ಕಡೆ ಬಾಗಿಲು ತೆರೆಯಬಾರದು, ತರಬೇತಿಯಲ್ಲಿ ಹೇಳಿದ್ದರು. ಆಕೆ ತೆರೆದಳು. ಏದುಸಿರು ಬಿಡುತ್ತಾ ಹತ್ತಿದ ಆತ ನಾಲಿಗೆ ಕಚ್ಚಿಕೊಂಡು ಮೆಟ್ಟಿಲಲ್ಲೇ ನಿಂತ. ಹೆಂಡತಿ ಒಮ್ಮೆ ಮೇಲಿಂದ ಕೆಳಗೆ ನೋಡಿದಳು, ಆಮೇಲೆ ಎಷ್ಟೋ ಕಾಲದಿಂದ ತಗ್ಗಿಸಿಟ್ಟಿದ್ದ ಗಂಟಲನ್ನು ಪೂರ್ತಿ ತೆರೆದಳು.

"ಒಳಗೆ ಹೋಗಿ, ಒಳಗೆ ಹೋಗಿ, ಮಧ್ಯ ಏನು ಬೇಲಿ ಹಾಕಿದ್ಯಾ?"

ಬಸ್ಸಿನಲ್ಲಿ ಬೇಕಾದಷ್ಟು ಜಾಗವಿತ್ತು. ಆದರೂ ನಿಂತಿದ್ದವರೆಲ್ಲ ಎರಡು ಹೆಜ್ಜೆ ಒಳಗೆ ಸರಿದರು.