ಒಳಗಿನ ಕೋಣೆ

ಹಳಿಯಾಳದ ಸೋಮಪ್ಪನವರ ಫೋಟೊ ಸ್ಟುಡಿಯೋದ ಕಂಪ್ಯೂಟರ್ ನೋಡಿಕೊಳ್ಳುವವಳು ಕಾಜಲ್. ಒಂದೊಂದು ಮನೆತನದ ಫೋಟೊಗಳಿಗೆ ಡಿಸ್ಕಿನಲ್ಲಿ ಒಂದೊಂದು ಸಬ್‌ವಾಲ್ಯೂಮ್, ಅಂದರೆ ಪ್ರತ್ಯೇಕ ಕೋಣೆ, ಮಾಡುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದವಳೂ ಅವಳೇ. ಯಾರಾದರೂ ತೀರಿಕೊಂಡು, ಮದುವೆ ಫೋಟೊದಿಂದ ಮುಖ ತೆಗೆದು ಹಾರ ಹಾಕಿಕೊಡಿ ಎಂದು ಮನೆಯವರು ಬಂದರೆ, ಪ್ರೋಗ್ರಾಂ ಆ ಮನೆತನದ ಕೋಣೆಯೊಳಗೆ ಸತ್ತವರ ಹೆಸರಿನ ಇನ್ನೊಂದು ಕೋಣೆ ಮಾಡುತ್ತಿತ್ತು. ಒಳಗೊಂದು ಕೋಣೆಯಿದ್ದರೆ ಹೊರಗಿನದನ್ನು ಅಳಿಸಲು ಬರುವುದಿಲ್ಲ; ಹಾಗಾಗಿ ತಾನು ಮಾಡಿದ ಒಳಕೋಣೆಗಳನ್ನು ಪ್ರೋಗ್ರಾಂ ಮೊದಲೇ ಅಳಿಸುತ್ತಿತ್ತು.

ಹೊಸ ಡಿಸ್ಕಿಗೆ ನಕಲಾದ ಮನೆತನಗಳನ್ನು ಹಳೆಯದರಿಂದ ಅಳಿಸುವಾಗ ಪ್ರೋಗ್ರಾಂ ಒಂದು ಕಡೆ ನಿಂತುಬಿಟ್ಟಿತು. ಒಳಗೆ ಅದರ ಲೆಕ್ಕದಲ್ಲಿಲ್ಲದ, ದುರ್ಗವ್ವನ ಹೆಸರಿನ ಕೋಣೆ. ದುರ್ಗವ್ವ ಆ ಹೊತ್ತಿನಲ್ಲೂ ಸ್ಟುಡಿಯೋ ಮುಂದೆ ಕೂತು ಸೊಪ್ಪು ಮಾರುತ್ತಿದ್ದಳು. ಕಾಜಲ್ ತನ್ನನ್ನೇ ಬೈದುಕೊಂಡು ಕೋಡನ್ನೆಲ್ಲ ಜಾಲಾಡಿದಳು, ತಪ್ಪು ಸಿಗಲಿಲ್ಲ. ಮರುದಿನ ದುರ್ಗವ್ವನ ಮಗ ಬಂದು, "ಅವ್ವಂದೊಂದು ಹಾರದ ಫೋಟೊ ಬೇಕಾಗೇತ್ರಿ" ಅಂದ.

ಇವತ್ತು ಪ್ರೋಗ್ರಾಂ ಮತ್ತೆ ನಿಂತಿದ್ದು ಸೋಮಪ್ಪನವರದೇ ಮನೆತನದಲ್ಲಿ. ಒಳಗಿನ ಕೋಣೆಗೆ ಅವರ ಹೆಸರಿತ್ತು. ತೆರೆದು ನೋಡಿದರೆ ಖಾಲಿ.

ಎದುರಿಗೆ ಕೂತ ಸೋಮಪ್ಪನವರು ಚಹಾ ಕುಡಿಯುತ್ತ ಕೇಳಿದರು: "ಯಾಕವಾ, ಮತ್ತ ನಿಂತತೇನು?"

"ಇಲ್ರಿ, ನಡದೈತ್ರಿ."

"ಹಂಗಾರ ಕ್ಯಾಮೆರಾ ತಗೊ. ಊರ ಮಂದಿದೆಲ್ಲಾ ನಾ ತಗದೆ, ನಂದೊಂದು ಫೋಟೊ ಯಾರೂ ತಗದಿಲ್ಲ ನೋಡು" ಎಂದು ಅವರು ಕಾಲರ್ ಸರಿಮಾಡಿಕೊಂಡು ಕುಳಿತರು.