ರಂಗಜ್ಜನ ಎರಡನೇ ಮಗ

ಗೆಳೆಯರೇ, ನಾಡಿದ್ದು ನಮ್ಮಕ್ಕನ ಮದುವೆ. ಇವತ್ತು ಬೆಳಿಗ್ಗೆ ಗುಬ್ಬಿಯ ನಮ್ಮ ಮನೆ ಮುಂದೆ ಚಪ್ಪರ ಹಾಕುತ್ತಿದ್ದಾಗ ಕುಣಿಗಲ್ ಕಡೆಯವರೊಬ್ಬರು ಬಸ್ಸಿಳಿದು ಬಂದರು. ನಮ್ಮ ದೊಡ್ಡಪ್ಪ ಒಂದು ವರ್ಷ ವಂಶಾವಳಿ ಹುಡುಕಿ, ‘ಐದು ತಲೆಮಾರಿನ ಹಿಂದಿನ ನಮ್ಮ ರಂಗಜ್ಜನ ಎರಡನೇ ಮಗನ ಕಡೆಯವರು’ ಎಂದು ಪತ್ತೆ ಮಾಡಿದ ದಾಯಾದಿ ಅವರು.

“ದೊಡ್ಡಪ್ಪ, ನಮ್ಮಜ್ಜ ನೆನ್ನೆ ಹೋಗ್ಬುಟ್ರು. ದಾಯಾದಿಗಳಲ್ವಾ, ಹನ್ನೊಂದು ದಿನ ನಿಮ್ಗೂ ಸೂತಕ. ಅದ್ಕೇ ಹೇಳೋಕ್ ಬಂದೆ” ಎಂದರು.

ಸೂತಕದಲ್ಲಿ ಮದುವೆ ಮಾಡುವಂತಿಲ್ಲ. ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, “ಆ ಸಂಬಂಧ ಇನ್ನೂ ಗ್ಯಾರಂಟಿ ಆಗಿಲ್ಲ ಕಣಪ್ಪ” ಎಂದರು.

“ಹೋದ್ ತಿಂಗ್ಳು ನಮ್ಮನೇಲಿ ಬಾಡೂಟ ಮಾಡ್ವಾಗ ಗ್ಯಾರಂಟಿ ಆಗಿತ್ತಲ್ಲ ಸಾರ್? ನಮ್ಮಜ್ಜನ್ನ ತಬ್ಕೊಂಡು ಅತ್ಬುಟ್ರಲ್ಲ!”

ದೊಡ್ಡಪ್ಪ ಒಳಗೆ ಹೋಗಿ, ಗೋಡೆಯಲ್ಲಿದ್ದ ವಂಶಾವಳಿಯ ಹಾಳೆ ಇಳಿಸಿ, ಗಡ್ಡ ಹೆರೆಯುವ ಬ್ಲೇಡಿನಿಂದ ಒಂದು ಕವಲನ್ನು ಕೆರೆಯತೊಡಗಿದರು. ಬಂದವರು ಕಾಫಿ ಮುಟ್ಟದೆ ಹೊರಟರು.

ಮದುವೆ ನಾಡಿದ್ದೇ ನಡೆಯುತ್ತದೆ. ನಾನೂ ಬಾಯಿ ಮುಚ್ಚಿಕೊಂಡು ಚಪ್ಪರಕ್ಕೆ ಮಾವಿನ ಸೊಪ್ಪು ಕಟ್ಟಿದೆ. ರಂಗಜ್ಜನಿಗೆ ಮಾತ್ರ ಇವತ್ತಿನಿಂದ ಒಬ್ಬನೇ ಮಗ.