ಇನ್ನೊಂದು ಗೀರಿನ ಹಕ್ಕು

ನನ್ನ ಕಾರಿನ ಡ್ರೈವರ್ ಸೀಟಿನ ಮೇಲೆ ಒಂದು ಪುಟ್ಟ ದಿಂಬಿದೆ. ಹಳೆಯ ಇಳಕಲ್ ಸೀರೆಯ ಸೆರಗಿನಲ್ಲಿ ನಾನೇ ಹೊಲಿದದ್ದು. ಮೊದಲೇ ನನ್ನ ಎತ್ತರ ಕಡಿಮೆ. ಎಪ್ಪತ್ತೊಂದು ತುಂಬುವಷ್ಟರಲ್ಲಿ ಬೆನ್ನೂ ಒಂದಿಷ್ಟು ಬಾಗಿದೆ. ಆದ್ದರಿಂದ ಬಾನೆಟ್ಟಿನ ತುದಿ ಕಾಣಲೆಂದು ಈ ಏರ್ಪಾಡು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಬೈಕಿನವರು ಮೊದಲು ನನ್ನ ನರೆತ ತಲೆಯನ್ನು ನೋಡುತ್ತಾರೆ, ಆಮೇಲೆ ದಿಂಬನ್ನು, ಆಮೇಲೆ ಮೆಲ್ಲಗೆ ತಮ್ಮ ಬೈಕನ್ನು ಒಂದಡಿ ಆಚೆಗೆ ಸರಿಸಿಕೊಳ್ಳುತ್ತಾರೆ. ಸರಿಸಿಕೊಳ್ಳಲಿ ಬಿಡಿ. ಪೀಣ್ಯದ ರಸ್ತೆಯಲ್ಲಿ ಯಾರಾದರೂ ಜಾಗ ಬಿಟ್ಟುಕೊಟ್ಟರೆ ಕಾರಣ ಕೇಳುವಷ್ಟು ದಡ್ಡಿ ನಾನಲ್ಲ.

ಇದೇ ಪೀಣ್ಯದ ಹತ್ತಿರದ ಒಂದು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ನಾನು ಮೂವತ್ತಾರು ವರ್ಷ ದುಡಿದೆ. ತಯಾರಾಗಿ ಬಂದ ಬಿಡಿಭಾಗವನ್ನು ಅಳೆದು, ಸವರಿ, ಬೆಳಕಿಗೆ ಹಿಡಿದು ನೋಡಿ, ದೋಷವಿದ್ದ ಕಡೆ ಹಳದಿ ಸೀಮೆಸುಣ್ಣದಿಂದ ಸುತ್ತು ಹಾಕುವುದು ನಮ್ಮ ಕೆಲಸ. ಅಲ್ಲಿ ತೀರ್ಪುಗಳು ಮೂರೇ: ಪಾಸು, ರೀವರ್ಕು, ಸ್ಕ್ರ್ಯಾಪು. ಸರಿಯಾಗಿದ್ದರೆ ಪಾಸು, ತಿದ್ದಿದರೆ ಸರಿಹೋಗುವುದಾದರೆ ರೀವರ್ಕು, ಏನು ಮಾಡಿದರೂ ಆಗದಿದ್ದರೆ ಗುಜರಿ. ನಿವೃತ್ತಿಯ ದಿನ ಕೈಗೆ ಬಂದ ಹಣದಲ್ಲಿ ಈ ಕಾರು ಕೊಂಡೆ. ಯಜಮಾನರು ಇದ್ದಷ್ಟು ದಿನ ಪಕ್ಕದ ಸೀಟಿನಲ್ಲಿ ಕೂತು, ತಾವು ಎಂದೂ ಕಲಿಯದ ವಿದ್ಯೆಯನ್ನು ನನಗೆ ಪಾಠ ಹೇಳುತ್ತಿದ್ದರು. ಈಗ ಪ್ರತಿ ಗುರುವಾರ ಆ ಸೀಟಿನಲ್ಲಿ ಲಲಿತ ಕೂರುತ್ತಾಳೆ. ನನ್ನ ಜೊತೆಯಲ್ಲೇ ಕೆಲಸ ಮಾಡಿದವಳು. ಮಂಡಿ ನೋವಿನಿಂದ ಬಸ್ಸು ಹತ್ತಲಾರಳು. ಅವಳನ್ನು ಚಿಕಿತ್ಸೆಗೆ ಕರೆದೊಯ್ದು, ಬರುವಾಗ ಇಬ್ಬರೂ ದೋಸೆ ತಿಂದು, ಕಾರ್ಖಾನೆಯ ಗೇಟಿನ ಮುಂದೆ ಒಮ್ಮೆ ಹಾದು ಬರುವುದು ನಮ್ಮ ವಾರದ ಹಬ್ಬ.

ಕಳೆದ ತಿಂಗಳು ಒಂದು ಗುರುವಾರ ಬೆಳಿಗ್ಗೆ ಕಾರಿನ ಕಾಗದಪತ್ರ ತೆಗೆದು ನೋಡಿದರೆ ವಿಮೆಯ ಅವಧಿ ಮುಗಿದು ಒಂಬತ್ತು ದಿನವಾಗಿತ್ತು. ಪ್ರತಿ ವರ್ಷ ಅದನ್ನು ನವೀಕರಿಸುವವಳು ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ನನ್ನ ಮಗಳು ಸುಮಾ. ತಕ್ಷಣ ಫೋನ್ ಮಾಡಿದೆ.

“ಮರ್ತಿಲ್ಲಮ್ಮ,” ಎಂದಳು. “ನೀನೇ ಓಡ್ಸೋದು ಬಿಟ್ಬಿಡ್ತೀಯೇನೋ ಅಂತ ಕಾಯ್ತಿದ್ದೆ. ಬೇಕೇ ಬೇಕು ಅಂದ್ರೆ ಥರ್ಡ್ ಪಾರ್ಟಿ ಒಂದು ಮಾಡಿಸ್ತೀನಿ, ಸಾಕು. ಒಂದ್ಸಲ ಏನಾದ್ರೂ ಆದ್ರೆ ಹೆಂಗಿದ್ರೂ ಗಾಡಿ ಕೊಟ್ಬಿಡ್ತೀವಲ್ಲ.”

ಅವಳ ದನಿಯಲ್ಲಿ ಪ್ರೀತಿಯೇ ಇತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಲಲಿತಳಿಗೆ ಆಟೋ ಹಿಡಿದುಕೊಳ್ಳಲು ಹೇಳಿ, ಕಾರನ್ನು ನಿಂತಲ್ಲೇ ಬಿಟ್ಟು, ಒಳಗೆ ಬಂದು ಕೂತು ಯೋಚಿಸಿದೆ.

ಗೆಳೆಯರೇ, ನೀವೂ ಒಮ್ಮೆ ಯೋಚಿಸಿ ನೋಡಿ. ಥರ್ಡ್ ಪಾರ್ಟಿ ಎಂದರೆ ನನ್ನಿಂದ ಲೋಕಕ್ಕೆ ಆಗಬಹುದಾದ ಹಾನಿಗೆ ಪರಿಹಾರ. ಅದು ಬೇಕೇ ಬೇಕು. ಕಾನೂನು ಕೇಳದಿದ್ದರೂ ನಾನು ಮಾಡಿಸುತ್ತಿದ್ದೆ. ಆದರೆ ಅದೊಂದೇ ಸಾಕು ಎನ್ನುವುದರಲ್ಲಿ, ಹಾನಿಯೇನಿದ್ದರೂ ಈ ಮುದುಕಿಯಿಂದಲೇ, ಮುದುಕಿಗೆ ಆದದ್ದು ಲೆಕ್ಕಕ್ಕಿಲ್ಲ ಎಂಬ ತೀರ್ಮಾನ ಅಡಗಿದೆ. ತಪ್ಪು ದಿಕ್ಕಿನಲ್ಲಿ ನುಗ್ಗಿ ಬರುವ ಟೆಂಪೋ, ಇಂಡಿಕೇಟರನ್ನೇ ಅರಿಯದ ಕಂಪನಿ ಕ್ಯಾಬು, ಕಬ್ಬಿಣದ ಸರಳುಗಳನ್ನು ಹಿಂದಕ್ಕೆ ಚಾಚಿಕೊಂಡು ಹೋಗುವ ಗೂಡ್ಸ್ ಆಟೋ ಇವೆಲ್ಲ ಇರುವ ಊರಿನಲ್ಲಿ, ಅಪಾಯವೆಂದರೆ ದಿಂಬಿನ ಮೇಲೆ ಕೂತ ನಾನೊಬ್ಬಳೇ! ಅದಕ್ಕಿಂತ ನೋಯಿಸಿದ್ದು ‘ಒಂದ್ಸಲ ಏನಾದ್ರೂ ಆದ್ರೆ’ ಎಂಬ ಮಾತು. ಮೂವತ್ತರ ಹುಡುಗ ಗೋಡೆಗೆ ಗುದ್ದಿದರೆ ಗ್ಯಾರೇಜಿಗೆ ಹೋಗುತ್ತಾನೆ. ನಾನು ಗುದ್ದಿದರೆ ಬೀಗದ ಕೈ ಒಪ್ಪಿಸಬೇಕು. ರೀವರ್ಕಿಗೆ ಹೋಗಬೇಕಾದ ಮಾಲನ್ನು ಸೀದಾ ಸ್ಕ್ರ್ಯಾಪಿಗೆ ತಳ್ಳಿದವರನ್ನು ನಾನು ಸೂಪರ್‌ವೈಸರ್ ಆಗಿದ್ದಾಗ ಸುಮ್ಮನೆ ಬಿಟ್ಟವಳಲ್ಲ. ಈಗ ಬಿಡುತ್ತೇನೆಯೇ? ವಿಮಾ ಕಂಪನಿಗೆ ನಾನೇ ಫೋನ್ ಮಾಡಿ, ನನ್ನ ಗಾಡಿಗೆ ಆಗುವ ಹಾನಿಗೂ ಪರಿಹಾರ ಕೊಡುವ ಫುಲ್ ಇನ್ಶೂರೆನ್ಸ್ ಬೇಕೆಂದೆ.

ಅವಧಿ ಮುಗಿದ ಗಾಡಿಯಾದ್ದರಿಂದ ಮೊದಲು ತಪಾಸಣೆಯಾಗಬೇಕು ಎಂದರು. ತಪಾಸಣೆ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ನನ್ನೊಳಗಿನ ಹಳೆಯ ಉದ್ಯೋಗಿ ಎದ್ದು ಕೂತಳು. ಮರುದಿನ ಬೆಳಿಗ್ಗೆ ಕಾರು ತೊಳೆದು, ಒರೆಸಿ, ಒಂದೊಂದು ಗೀರಿಗೂ ಒಂದೊಂದು ತಗ್ಗಿಗೂ ಹಳದಿ ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ನಂಬರು ಬರೆದು, ಕಾಗದದಲ್ಲಿ ಪಟ್ಟಿ ಮಾಡಿ ಸಿದ್ಧಳಾದೆ. ಹನ್ನೊಂದು ಗಂಟೆಗೆ ಬಂದ ವಿಮಾ ಕಂಪನಿಯ ಸರ್ವೇಯರ್, ನಲವತ್ತರ ಆಸುಪಾಸಿನ ಮನುಷ್ಯ, ಗೇಟಿನಲ್ಲೇ ನಿಂತುಬಿಟ್ಟ.

“ಏನ್ ಮೇಡಂ ಇದು? ಎಲ್ರೂ ಗೀರು ಮುಚ್ಚಿಡ್ತಾರೆ, ನೀವು ರಂಗೋಲಿ ಹಾಕಿದೀರಲ್ಲ! ಇದೆಲ್ಲ ಹಳೇ ಡ್ಯಾಮೇಜು ಅಂತ ಬರ್ಕೊಂಡ್ರೆ ಆಮೇಲೆ ಕ್ಲೇಮ್ ಸಿಗಲ್ಲ.”

ಪೆಚ್ಚಾದೆ, ಸುಳ್ಳೇಕೆ ಹೇಳಲಿ. ಕಾರಿನ ಬಾಗಿಲಿನ ಮೇಲಿನ ಸಣ್ಣ ಗೀರುಗಳನ್ನು ಆತ ಬಹುಶಃ ನೋಡುತ್ತಲೇ ಇರಲಿಲ್ಲ. ಆದರೆ ಹಾಕಿದ ಸುತ್ತನ್ನು ಅಳಿಸುವ ಅಭ್ಯಾಸ ನನಗಿಲ್ಲ. “ಬರ್ಕೊಳ್ರೀ,” ಎಂದೆ. “ಸುತ್ತು ಹಾಕಿರೋದೆಲ್ಲ ಹಳೇದು. ಸುತ್ತು ಇಲ್ದೇ ಇರೋ ಕಡೆಯೆಲ್ಲ ಸರಿಯಾಗಿದೆ ಅಂತಾನೂ ಬರ್ಕೊಳ್ಳಿ.”

ಆತ ಬರೆದುಕೊಂಡ. ಆಮೇಲೆ ಮನೆಯೊಳಗೆ ಇಣುಕಿ, ಡ್ರೈವರ್ ಬಂದು ಗಾಡಿ ಸ್ಟಾರ್ಟ್ ಮಾಡಲಿ, ಮೀಟರಿನ ಫೋಟೋ ತೆಗೆಯಬೇಕು ಎಂದ. ನಾನು ದಿಂಬು ಸರಿಮಾಡಿಕೊಂಡು ಕೂತು ಕೀಲಿ ತಿರುಗಿಸಿದೆ. ಪಾಪ, ನಾಚಿಕೊಂಡ. ಝೀರೋ ಡೆಪ್ ಎಂಬುದೊಂದಿದೆಯಂತೆ, ಬದಲಾಯಿಸಿದ ಭಾಗಕ್ಕೆ ಸವಕಳಿ ಕಳೆಯದೆ ಕೊಡುವುದು. ಅದೂ ಸಿಗುತ್ತದೆಯೇ ಎಂದು ಕೇಳಿದೆ. “ಇಲ್ಲ ಮೇಡಂ, ಗಾಡಿಗೆ ವಯಸ್ಸಾಗಿದೆ,” ಎಂದವನು ನಾಲಿಗೆ ಕಚ್ಚಿಕೊಂಡ. ಇಬ್ಬರೂ ನಕ್ಕೆವು. ದಾರಿಯಲ್ಲಿ ಕೆಟ್ಟು ನಿಂತರೆ ಬಂದು ನೋಡುವ ಸೌಲಭ್ಯವನ್ನೂ, ಪಕ್ಕದಲ್ಲಿ ಕೂರುವವರ ಅಪಘಾತ ವಿಮೆಯನ್ನೂ ಸೇರಿಸಿಕೊಂಡೆ. ಲಲಿತ ಗುಜರಿಯ ಮಾಲಲ್ಲ.

ಹಾಗೆಂದು ಹಟಕ್ಕೆ ಬಿದ್ದು ಕಣ್ಣು ಮುಚ್ಚಿಕೊಂಡವಳೆಂದು ತಿಳಿಯಬೇಡಿ. ಪರವಾನಗಿ ನವೀಕರಣಕ್ಕೆ ವೈದ್ಯರು ಪರೀಕ್ಷಿಸಿದ್ದಾರೆ. ಅದಕ್ಕಿಂತ ಕಟ್ಟುನಿಟ್ಟಾಗಿ ನನ್ನನ್ನು ನಾನೇ ಪರೀಕ್ಷಿಸಿಕೊಳ್ಳುತ್ತೇನೆ. ಕತ್ತಲಾದ ಮೇಲೆ ಓಡಿಸುವುದನ್ನು ಯಾರೂ ಹೇಳದೆಯೇ ಬಿಟ್ಟಿದ್ದೇನೆ. ಮುಂದೊಂದು ದಿನ ಕೈ ತಡವರಿಸಿತೋ, ಬ್ರೇಕಿಗೆ ಕಾಲು ತಡವಾಗಿ ಹೋಯಿತೋ, ನನ್ನ ಮೇಲೆ ನಾನೇ ಸುತ್ತು ಹಾಕಿಕೊಂಡು ಕೀಲಿ ಕೊಟ್ಟುಬಿಡುತ್ತೇನೆ. ಆದರೆ ಆ ತೀರ್ಪು ಅಳತೆಯಿಂದ ಬರಬೇಕು, ಹುಟ್ಟಿದ ಇಸವಿಯಿಂದ ಬರಕೂಡದು.

ಪಾಲಿಸಿ ಬಂದ ದಿನ ಅದನ್ನು ಸುಮಾಳಿಗೆ ಕಳಿಸಿದೆ. ಐದೇ ನಿಮಿಷದಲ್ಲಿ ಫೋನ್ ಬಂತು.

“ಫುಲ್ ಮಾಡಿಸಿದೀಯಾ? ಅಂದ್ರೆ ಏನಾದ್ರೂ ಆಗತ್ತೆ ಅನ್ನೋ ಭಯ ನಿಂಗೂ ಇದೆ ತಾನೇ ಅಮ್ಮ?”

“ಇದೆ ಕಣೆ, ನಿನಗಿಂತ ಜಾಸ್ತಿನೇ ಇದೆ.”

“ಮತ್ಯಾಕೆ ಈ ಹಟ? ಏನಾದ್ರೂ ಆದ್ರೆ ಏನ್ ಮಾಡ್ತೀಯ?”

“ರಿಪೇರಿ ಮಾಡಿಸ್ತೀನಿ,” ಎಂದೆ. “ಆಮೇಲೆ ಬರೋ ಗುರುವಾರ ಮತ್ತೆ ಹೊರಡ್ತೀನಿ.”